ಯಾವ ಕಾಗದಕ್ಕೆ ಯಾವ ಪ್ರೊಫೈಲ್? ಸಾಫ್ಟ್ ಪ್ರೂಫ್ ಮಾಡುವವರಿಗೆ ಒಂದು ಹೋಲಿಕೆ

ಕಾಡಿನೊಳಗೆ ತೆಗೆದ ಒಂದು ಫೋಟೋ. ಮರದ ಬುಡದಲ್ಲಿ ಪಾಚಿ, ಬೇರಿನ ಸಂದಿಯಲ್ಲಿ ಕತ್ತಲು, ಆ ಕತ್ತಲೊಳಗೆ ಒಂದು ಒಣಗಿದ ಎಲೆ. ಮಾನಿಟರ್‌ನಲ್ಲಿ ಎಲ್ಲವೂ ಕಾಣುತ್ತಿತ್ತು. ಪ್ರಿಂಟ್ ಹೇಗೆ ಬರುತ್ತದೆ ಅನ್ನುವುದನ್ನು ಪರದೆಯ ಮೇಲೆಯೇ ತೋರಿಸುವ ಸಾಫ್ಟ್ ಪ್ರೂಫ್ ಮಾಡಿ ನೋಡಿದ್ದೆ, ಅದರಲ್ಲೂ ಕಾಣುತ್ತಿತ್ತು. ಹೊಳಪಿಲ್ಲದ ಮ್ಯಾಟ್ ಕಾಗದದ ಮೇಲೆ ಪ್ರಿಂಟ್ ತೆಗೆದರೆ ಎಲೆ ಮಾಯವಾಗಿತ್ತು. ಬೇರೂ ಇರಲಿಲ್ಲ. ಬುಡ ಇರಬೇಕಾದ ಕಡೆ ಮಂಕು ಬೂದು ಬಣ್ಣದ ಒಂದು ಮುದ್ದೆ ಉಳಿದಿತ್ತು. ಪ್ರಿಂಟರ್ ಕೆಟ್ಟಿದೆ ಅಂದುಕೊಂಡು ಎರಡು ದಿನ ಹೆಡ್ ಕ್ಲೀನಿಂಗ್ ಮಾಡಿದೆ. ಇಂಕು ಸುಮ್ನೆ ಖರ್ಚಾಯಿತು. ಕೊನೆಗೆ ಕಾರಣ ಸಿಕ್ಕಿತು. ಪ್ರೂಫ್‌ಗೆ ಆರಿಸಿದ್ದು ತುಸು ಹೊಳಪಿರುವ ಲಸ್ಟರ್ ಕಾಗದದ ಪ್ರೊಫೈಲ್, ಟ್ರೇನಲ್ಲಿ ಇಟ್ಟಿದ್ದು ಮ್ಯಾಟ್.

ಅವತ್ತಿನಿಂದ ಕಾಗದ ಆರಿಸುವಾಗ ನಾನು ಮೊದಲು ನೋಡುವುದು ಕಪ್ಪನ್ನು. ಆಮೇಲೆ ಕಾಗದದ ಬಿಳುಪನ್ನು. ಬಣ್ಣ ಮೂರನೆಯದು. ಈ ಬರಹದ ಹೋಲಿಕೆಯೂ ಅದೇ ಕ್ರಮದಲ್ಲಿ ಇದೆ.

ಪ್ರೊಫೈಲ್ ಯಾವುದರದ್ದು?

ಎಷ್ಟೋ ಜನ ಪ್ರೊಫೈಲ್ ಅಂದರೆ ಪ್ರಿಂಟರ್‌ಗೆ ಸಂಬಂಧಿಸಿದ್ದು ಅಂದುಕೊಂಡಿರುತ್ತಾರೆ. ಅದು ಅರ್ಧ ಮಾತ್ರ ಸರಿ. ಪ್ರೊಫೈಲ್ ಮಾಡುವವರು ನೂರಾರು ಬಣ್ಣದ ಚೌಕಗಳನ್ನು ಒಂದು ಕಾಗದದ ಮೇಲೆ ಪ್ರಿಂಟ್ ಮಾಡುತ್ತಾರೆ. ಒಣಗಲು ಬಿಡುತ್ತಾರೆ. ಬಣ್ಣ ಅಳೆಯುವ ಉಪಕರಣವಾದ ಸ್ಪೆಕ್ಟ್ರೋಫೋಟೋಮೀಟರ್‌ನಿಂದ ಒಂದೊಂದೇ ಚೌಕವನ್ನು ಅಳೆಯುತ್ತಾರೆ. ಈ ಸಂಖ್ಯೆ ಕಳಿಸಿದರೆ ಈ ಬಣ್ಣ ಬರುತ್ತದೆ ಅನ್ನುವ ಒಂದು ಪಟ್ಟಿ ತಯಾರಾಗುತ್ತದೆ. ಪ್ರೊಫೈಲ್ ಅಂದರೆ ಆ ಪಟ್ಟಿ. ಅದರಲ್ಲಿ ನಾಲ್ಕು ಸಂಗತಿ ಸೇರಿಕೊಂಡಿವೆ: ಪ್ರಿಂಟರ್ ಮಾಡೆಲ್, ಇಂಕು, ಕಾಗದ, ಮತ್ತು ಅವತ್ತು ಪ್ರಿಂಟರ್ ನಡೆಸುವ ತಂತ್ರಾಂಶವಾದ ಡ್ರೈವರ್‌ನಲ್ಲಿ ಆರಿಸಿದ್ದ ಮೀಡಿಯಾ ಟೈಪ್, ಅಂದರೆ ಕಾಗದದ ಬಗೆ. ನಾಲ್ಕರಲ್ಲಿ ಒಂದು ಬದಲಾದರೂ ಪಟ್ಟಿ ಹೇಳುವುದು ನಿಮ್ಮ ಪ್ರಿಂಟ್ ಬಗ್ಗೆ ಅಲ್ಲ, ಬೇರೆ ಯಾವುದೋ ಪ್ರಿಂಟ್ ಬಗ್ಗೆ.

ಮೀಡಿಯಾ ಟೈಪ್ ವಿಷಯವನ್ನೇ ಜನ ಹೆಚ್ಚಾಗಿ ಮರೆಯುವುದು. ಎಷ್ಟು ಇಂಕು ಸುರಿಯಬೇಕು, ಯಾವ ಕಪ್ಪು ಬಳಸಬೇಕು ಅನ್ನುವುದನ್ನು ಡ್ರೈವರ್ ತೀರ್ಮಾನಿಸುವುದು ಅದರಿಂದ. ಹಾನೆಮ್ಯೂಲೆ, ಕ್ಯಾನ್ಸನ್, ಇಲ್ಫೋರ್ಡ್ ತರಹದ ಕಾಗದ ಕಂಪನಿಗಳು ತಮ್ಮ ಕಾಗದಗಳಿಗೆ ಪ್ರೊಫೈಲ್ ಕೊಡುತ್ತವೆ. ಅದರ ಜೊತೆ ಯಾವ ಮೀಡಿಯಾ ಟೈಪ್ ಆರಿಸಬೇಕು ಅಂತಲೂ ಹೇಳಿರುತ್ತವೆ. ಆ ಸೂಚನೆ ಓದದೆ ಪ್ರೊಫೈಲ್ ಮಾತ್ರ ಹಾಕಿಕೊಂಡರೆ ಪ್ರಯೋಜನವಿಲ್ಲ.

ಫೈಲಿನ ಹೆಸರನ್ನೂ ಗಮನಿಸಿ. ಬಹಳಷ್ಟು ಹೆಸರುಗಳಲ್ಲಿ ಪ್ರಿಂಟರ್ ಮಾಡೆಲ್, ಕಾಗದದ ಹೆಸರು, ನಡುವೆ ಎಂಕೆ ಅಥವಾ ಪಿಕೆ ಅನ್ನುವ ಎರಡಕ್ಷರ ಇರುತ್ತದೆ. ಎಂಕೆ ಅಂದರೆ ಮ್ಯಾಟ್ ಬ್ಲ್ಯಾಕ್, ಪಿಕೆ ಅಂದರೆ ಫೋಟೋ ಬ್ಲ್ಯಾಕ್. ನನ್ನ ಪ್ರಕಾರ ಹೆಸರಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗ ಈ ಎರಡಕ್ಷರವೇ. ಮ್ಯಾಟ್ ಬ್ಲ್ಯಾಕ್ ಇಂಕು ಹೊಳಪು ಕಾಗದದ ಮೇಲೆ ಸರಿಯಾಗಿ ಕೂರುವುದಿಲ್ಲ, ಬೆರಳಿಗೆ ಹತ್ತುತ್ತದೆ. ಫೋಟೋ ಬ್ಲ್ಯಾಕ್ ಮ್ಯಾಟ್ ಕಾಗದದ ಮೇಲೆ ಬಂದರೂ ಕಪ್ಪು ಸಪ್ಪೆಯಾಗಿ, ತೆಳುವಾಗಿ ಕಾಣುತ್ತದೆ.

ಹೊಳಪು ಮತ್ತು ಮ್ಯಾಟ್: ನಿಜವಾದ ವ್ಯತ್ಯಾಸ ಇಲ್ಲಿದೆ

ಬಣ್ಣವನ್ನು ಸಂಖ್ಯೆಯಲ್ಲಿ ಹೇಳುವ ಲ್ಯಾಬ್ (Lab) ಅಳತೆಯಲ್ಲಿ ಕಪ್ಪುಬಿಳುಪಿನ ಸಂಖ್ಯೆ 0 ಅಂದರೆ ಪೂರ್ತಿ ಕಪ್ಪು, 100 ಅಂದರೆ ಪೂರ್ತಿ ಬಿಳಿ. ಬಣ್ಣದ ಸಣ್ಣ ಕಣಗಳಿರುವ ಪಿಗ್ಮೆಂಟ್ ಇಂಕಿನ ಒಳ್ಳೆಯ ಪ್ರಿಂಟರ್ ಒಂದು ಗ್ಲಾಸಿ ಅಥವಾ ಬರೈಟಾ ಕಾಗದದ ಮೇಲೆ ಹಾಕುವ ಕಪ್ಪು ಸಾಮಾನ್ಯವಾಗಿ 3ರಿಂದ 5ರ ಆಸುಪಾಸಿನಲ್ಲಿರುತ್ತದೆ. ಅದೇ ಪ್ರಿಂಟರ್ ಮ್ಯಾಟ್ ಕಾಗದದ ಮೇಲೆ ಹಾಕುವ ಕಪ್ಪು 15ರಿಂದ 18ರ ಆಸುಪಾಸು. ಸಂಖ್ಯೆ ನೋಡಿದರೆ ಸಣ್ಣ ವ್ಯತ್ಯಾಸ ಅನ್ನಿಸುತ್ತದೆ, ಅಲ್ವಾ? ಬೆಳಕಿನ ಲೆಕ್ಕಕ್ಕೆ ತಂದು ನೋಡಿ. ಹೊಳಪು ಕಾಗದದಲ್ಲಿ ಬಿಳಿ ಜಾಗ ಕಪ್ಪು ಜಾಗಕ್ಕಿಂತ ಸುಮಾರು 200 ಪಟ್ಟು ಬೆಳಗುತ್ತದೆ. ಮ್ಯಾಟ್‌ನಲ್ಲಿ ಸುಮಾರು 40 ಪಟ್ಟು ಅಷ್ಟೇ. ಸಾಧಾರಣ ಮಾನಿಟರ್‌ನಲ್ಲಿ ಈ ಅಂತರ 1000 ಪಟ್ಟು. ಸಾವಿರದ ಅಗಲದಲ್ಲಿ ಹರಡಿಕೊಂಡಿದ್ದ ಚಿತ್ರವನ್ನು ನಲವತ್ತರೊಳಗೆ ತುರುಕಬೇಕು. ಮೊದಲು ಬಲಿಯಾಗುವುದು ನೆರಳಿನ ವಿವರ. ನನ್ನ ಎಲೆ ಹೋದದ್ದೂ ಅಲ್ಲಿಯೇ.

ಹಾಗಾಗಿ ಆಯ್ಕೆ ಗ್ಲಾಸಿ ಗುಂಪೋ ಮ್ಯಾಟ್ ಗುಂಪೋ ಅನ್ನುವಾಗ ಸಾಫ್ಟ್ ಪ್ರೂಫ್ ನಿಜವಾಗಿ ಸಹಾಯ ಮಾಡುತ್ತದೆ. ಎರಡೂ ಪ್ರೊಫೈಲ್ ಹಾಕಿ ಒಂದರ ಪಕ್ಕ ಒಂದು ನೋಡಿ. ಫೋಟೋಶಾಪ್‌ನಲ್ಲಿ ಒಂದೇ ಚಿತ್ರವನ್ನು ಎರಡು ವಿಂಡೋದಲ್ಲಿ ತೆರೆದು, ಒಂದೊಂದಕ್ಕೂ ಬೇರೆ ಬೇರೆ ಪ್ರೂಫ್ ಸೆಟಪ್ ಕೊಡಬಹುದು. ನೆರಳಿನ ಜಾಗವನ್ನು ನೂರಕ್ಕೆ ನೂರು ಜೂಮ್ ಮಾಡಿ. ಮ್ಯಾಟ್ ಪ್ರೂಫ್‌ನಲ್ಲಿ ನಿಮ್ಮ ಚಿತ್ರದ ಜೀವಾಳವೇ ಮುಚ್ಚಿಹೋಗುತ್ತಿದ್ದರೆ ಅದು ಆ ಚಿತ್ರದ ಕಾಗದವಲ್ಲ. ಮಂಜು, ಹಿಮ, ಬಿಳಿ ಗೋಡೆ, ಮೆದು ಬೆಳಕಿನ ಮುಖಗಳು, ಜಲವರ್ಣದ ಚಿತ್ರಗಳು, ಇವಕ್ಕೆಲ್ಲ ಮ್ಯಾಟ್ ತುಂಬಾ ಚೆನ್ನಾಗಿ ಒಪ್ಪುತ್ತದೆ. ಇವುಗಳಿಗೆ ಆಳವಾದ ಕಪ್ಪು ಬೇಕಾಗಿಯೇ ಇಲ್ಲ.

ಗ್ಲಾಸಿ, ಲಸ್ಟರ್, ಬರೈಟಾ: ಇಲ್ಲಿ ಪರದೆಯನ್ನು ನಂಬಬೇಡಿ

ಒಂದೇ ಪ್ರಿಂಟರ್‌ನ ಗ್ಲಾಸಿ ಪ್ರೊಫೈಲ್ ಮತ್ತು ಲಸ್ಟರ್ ಪ್ರೊಫೈಲ್ ಹಾಕಿ ನೋಡಿ. ಪರದೆಯ ಮೇಲೆ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಕಪ್ಪು ಹತ್ತಿರ ಹತ್ತಿರ, ಬಣ್ಣದ ಹರವೂ ಹತ್ತಿರ. ಕೈಯಲ್ಲಿ ಹಿಡಿದಾಗ ಮಾತ್ರ ಅಜಗಜಾಂತರ. ಗ್ಲಾಸಿ ಕನ್ನಡಿಯಂತೆ ದೀಪವನ್ನು ತೋರಿಸುತ್ತದೆ. ಲಸ್ಟರ್‌ನ ಸಣ್ಣ ಉಬ್ಬುತಗ್ಗು ಆ ಬೆಳಕನ್ನು ಚದುರಿಸುತ್ತದೆ. ಪಿಗ್ಮೆಂಟ್ ಇಂಕಿನಲ್ಲಿ ಗ್ಲಾಸಿ ಮೇಲೆ ಬರುವ ಕಂಚಿನ ಛಾಯೆ, ಇಂಕು ಬಿದ್ದ ಕಡೆ ಒಂದು ಹೊಳಪು ಬೀಳದ ಕಡೆ ಇನ್ನೊಂದು ಹೊಳಪು, ಇದ್ಯಾವುದೂ ಪ್ರೊಫೈಲ್‌ನಲ್ಲಿ ಇರುವುದಿಲ್ಲ. ಅಳೆಯುವ ಉಪಕರಣ ಬೇಕೆಂದೇ ಹೊಳಪಿನ ಪ್ರತಿಫಲನವನ್ನು ಬಿಟ್ಟು ಅಳೆಯುತ್ತದೆ.

ಆದ್ದರಿಂದ ಈ ಗುಂಪಿನೊಳಗಿನ ಆಯ್ಕೆಯನ್ನು ಸ್ಯಾಂಪಲ್ ಹಾಳೆ ನೋಡಿ ಮಾಡಿ. ಗಾಜಿನ ಚೌಕಟ್ಟಿಗೆ ಹೋಗುವುದಾದರೆ, ಆಲ್ಬಮ್ಮಿಗೆ ಹೋಗುವುದಾದರೆ, ಜನರ ಕೈಯಲ್ಲಿ ಓಡಾಡುವುದಾದರೆ ಲಸ್ಟರ್ ಸಾಕು. ಬೆರಳಿನ ಗುರುತು ಕಡಿಮೆ ಕಾಣುತ್ತದೆ. ಎದ್ದು ಕಾಣುವ ಗಾಢ ಬಣ್ಣವೇ ಮುಖ್ಯವಾದರೆ ಗ್ಲಾಸಿ. ಕಪ್ಪುಬಿಳುಪು ಚಿತ್ರಕ್ಕೆ ನನ್ನ ಮನಸ್ಸು ಹೋಗುವುದು ಬರೈಟಾ ಕಡೆಗೆ. ಬೇರಿಯಂ ಸಲ್ಫೇಟ್ ಲೇಪನದ ಈ ಕಾಗದ ಕತ್ತಲೆ ಕೋಣೆಯ ಹಳೆಯ ಫೈಬರ್ ಪ್ರಿಂಟಿನ ನೆನಪು ತರುತ್ತದೆ. ಕಪ್ಪು ಆಳವಾಗಿದ್ದೂ ಪ್ಲಾಸ್ಟಿಕ್ ಹೊಳಪು ಇರುವುದಿಲ್ಲ. ಆ ಕಾಡಿನ ಫೋಟೋ ಈಗ ಗೋಡೆಯ ಮೇಲಿರುವುದು ಬರೈಟಾ ಕಾಗದದಲ್ಲಿಯೇ. ಎಲೆ ಕಾಣುತ್ತದೆ.

ಬಣ್ಣ ಕರಗಿರುವ ಡೈ ಇಂಕಿನ ಪ್ರಿಂಟರ್ ಇದ್ದರೆ ಒಂದು ಮಾತು. ಪ್ರಿಂಟ್ ಬಂದ ಕೂಡಲೇ ಪ್ರೂಫ್ ಜೊತೆ ಹೋಲಿಸಬೇಡಿ. ಬಣ್ಣ ನೆಲೆ ನಿಲ್ಲಲು ಒಂದು ದಿನ ಬಿಡಿ.

ಕಾಟನ್, ಕ್ಯಾನ್ವಾಸ್, ಮಾಮೂಲಿ ಕಾಗದ

ಹತ್ತಿಯ ಕಾಗದಗಳು ಬಹುಪಾಲು ಮ್ಯಾಟ್ ಗುಂಪಿಗೇ ಸೇರುತ್ತವೆ. ಕಪ್ಪಿನ ಲೆಕ್ಕ ಮೇಲೆ ಹೇಳಿದ್ದೇ. ಇಲ್ಲಿ ಬದಲಾಗುವುದು ಬಿಳುಪು. ಕೆಲವು ಕಾಗದಗಳಲ್ಲಿ ಬಿಳುಪು ಹೆಚ್ಚಿಸಲು ಆಪ್ಟಿಕಲ್ ಬ್ರೈಟ್ನರ್ ಸೇರಿಸಿರುತ್ತಾರೆ. ಅದು ಕಣ್ಣಿಗೆ ಕಾಣದ ಅತಿನೇರಳೆ ಬೆಳಕನ್ನು ಹೀರಿ ನೀಲಿಯಾಗಿ ಹೊರಗೆ ಬಿಡುತ್ತದೆ. ಬಿಸಿಲು ಬರುವ ಕಿಟಕಿಯ ಹತ್ತಿರ ಹಾಲಿನಂತೆ ಬೆಳ್ಳಗೆ, ತುಸು ನೀಲಿಯಾಗಿ ಕಾಣುವ ಹಾಳೆ, ಅತಿನೇರಳೆ ಇಲ್ಲದ ಎಲ್‌ಇಡಿ ದೀಪದ ಕೆಳಗೆ ಕಳೆಗುಂದುತ್ತದೆ. ಬ್ರೈಟ್ನರ್ ಇಲ್ಲದ ಕಾಗದ ಎಲ್ಲ ಕಡೆಯೂ ಒಂದೇ ಕೆನೆ ಬಣ್ಣದಲ್ಲಿ ಇರುತ್ತದೆ. ವರ್ಷಗಟ್ಟಲೆ ಗೋಡೆಯ ಮೇಲೆ ಇರಬೇಕಾದ ಚಿತ್ರಕ್ಕೆ ನಾನು ಎರಡನೆಯದನ್ನೇ ಆರಿಸುತ್ತೇನೆ. ಬ್ರೈಟ್ನರ್‌ನ ಶಕ್ತಿ ಕಾಲ ಕಳೆದಂತೆ ಕುಂದುತ್ತದೆ, ಆಗ ಪ್ರೂಫ್‌ನಲ್ಲಿ ನೋಡಿದ್ದ ಬಿಳುಪು ಉಳಿಯುವುದಿಲ್ಲ.

ಕಾಗದದ ಬಿಳುಪು ನೋಡಲು ಪ್ರೂಫ್ ಸೆಟಪ್‌ನಲ್ಲಿ ಸಿಮ್ಯುಲೇಟ್ ಪೇಪರ್ ಕಲರ್ ಅನ್ನುವ ಗುರುತು ಇದೆ. ಲೈಟ್‌ರೂಮ್‌ನಲ್ಲಿ ಇದೇ ಕೆಲಸಕ್ಕೆ ಸಿಮ್ಯುಲೇಟ್ ಪೇಪರ್ ಅಂಡ್ ಇಂಕ್ ಇದೆ. ಗುರುತು ಹಾಕಿದ ತಕ್ಷಣ ಚಿತ್ರವೆಲ್ಲ ಬೂದಿ ಮೆತ್ತಿದ ಹಾಗೆ ಕಾಣುತ್ತದೆ. ಹೆಚ್ಚಿನವರು ಗಾಬರಿಯಾಗಿ ಅಲ್ಲಿಯೇ ತೆಗೆದುಬಿಡುತ್ತಾರೆ. ತೆಗೆಯಬೇಡಿ. ಕಣ್ಣು ಇನ್ನೂ ಮಾನಿಟರ್‌ನ ಬಿಳಿಯನ್ನೇ ಅಳತೆಗೋಲಾಗಿ ಇಟ್ಟುಕೊಂಡಿದೆ, ಅದಕ್ಕೇ ಹಾಗೆ ಕಾಣುವುದು. ಗುರುತು ಹಾಕುವಾಗ ಮುಖ ಬೇರೆ ಕಡೆ ತಿರುಗಿಸಿ. ಪರದೆಯ ಮೇಲೆ ಬಿಳಿ ಬಣ್ಣದ ಬೇರೆ ವಿಂಡೋ ಏನೂ ಇರದ ಹಾಗೆ ಚಿತ್ರವನ್ನು ಫುಲ್ ಸ್ಕ್ರೀನ್ ಮಾಡಿ. ಅರ್ಧ ನಿಮಿಷ ಬಿಟ್ಟು ನೋಡಿ. ಆಗ ಕಣ್ಣು ಆ ಕಾಗದದ ಬಿಳುಪಿಗೆ ಹೊಂದಿಕೊಂಡಿರುತ್ತದೆ. ಮ್ಯಾಟ್ ಪ್ರಿಂಟ್ ಹೇಗಿರುತ್ತದೆ ಅನ್ನುವುದಕ್ಕೆ ಪರದೆಯಲ್ಲಿ ಸಿಗುವ ಅತಿ ಹತ್ತಿರದ ನೋಟ ಇದು. ಹೊಳಪು ಕಾಗದಕ್ಕೆ ಮಾತ್ರ ನಾನು ಹೆಚ್ಚಾಗಿ ಈ ಗುರುತು ಇಲ್ಲದೆಯೇ ಕೆಲಸ ಮಾಡುತ್ತೇನೆ, ಕಪ್ಪನ್ನು ಮಾತ್ರ ಪ್ರಿಂಟಿನಂತೆ ತೋರಿಸುವ ಬ್ಲ್ಯಾಕ್ ಇಂಕ್ ಸಿಮ್ಯುಲೇಶನ್ ಅಷ್ಟೇ ಸಾಕಾಗುತ್ತದೆ.

ಕ್ಯಾನ್ವಾಸ್‌ನಲ್ಲಿ ಒಂದು ತೊಡಕಿದೆ. ಪ್ರಿಂಟ್ ಆದ ಮೇಲೆ ಹೊಳಪಿನ ವಾರ್ನಿಶ್ ಹಚ್ಚಿದರೆ ಕಪ್ಪು ಇನ್ನೂ ಆಳವಾಗುತ್ತದೆ, ಬಣ್ಣ ಗಾಢವಾಗುತ್ತದೆ. ಪ್ರೊಫೈಲ್ ಅಳೆದದ್ದು ವಾರ್ನಿಶ್ ಇಲ್ಲದ ಕ್ಯಾನ್ವಾಸನ್ನು. ಹಾಗಾಗಿ ಪ್ರೂಫ್ ನೋಡಿ ನೆರಳನ್ನು ಜಾಸ್ತಿ ಎತ್ತಬೇಡಿ. ಒಂದು ತುಂಡು ಪ್ರಿಂಟ್ ತೆಗೆದು ವಾರ್ನಿಶ್ ಹಚ್ಚಿ ನೋಡುವುದೇ ದಾರಿ.

ಮಾಮೂಲಿ ಆಫೀಸ್ ಕಾಗದಕ್ಕೆ ಸಾಫ್ಟ್ ಪ್ರೂಫ್ ಮಾಡುವ ಶ್ರಮ ಬೇಡ. ಲೇಪನ ಇಲ್ಲ, ಇಂಕು ನಾರಿನೊಳಗೆ ಇಳಿದು ಹರಡುತ್ತದೆ. ಒಂದು ಕಟ್ಟಿಗೂ ಇನ್ನೊಂದಕ್ಕೂ ವ್ಯತ್ಯಾಸ ಇರುತ್ತದೆ.

ಸರಿಯಾದ ಪ್ರೊಫೈಲ್ ಸಿಗದಿದ್ದರೆ

ಕಾಗದ ಕೈಯಲ್ಲಿದೆ, ನಿಮ್ಮ ಪ್ರಿಂಟರ್‌ಗೆ ಅದರ ಪ್ರೊಫೈಲ್ ಇಲ್ಲ. ಎಲ್ಲರಿಗೂ ಒಂದಲ್ಲ ಒಂದು ದಿನ ಬರುವ ಪರಿಸ್ಥಿತಿ ಇದು. ಆಗ ಎರಡು ದಾರಿ ಕಾಣುತ್ತವೆ. ಅದೇ ಕಾಗದಕ್ಕೆ ಬೇರೆ ಪ್ರಿಂಟರ್‌ನ ಪ್ರೊಫೈಲ್ ಹಾಕಿಕೊಳ್ಳುವುದು ಒಂದು. ಅದೇ ಪ್ರಿಂಟರ್‌ಗೆ ಅಂಥದ್ದೇ ಬೇರೆ ಕಾಗದದ ಪ್ರೊಫೈಲ್ ಹಾಕಿಕೊಳ್ಳುವುದು ಇನ್ನೊಂದು. ನಾನು ಪ್ರತಿ ಸಲವೂ ಎರಡನೆಯದನ್ನೇ ಹಿಡಿಯುತ್ತೇನೆ. ಪ್ರಿಂಟರ್ ಬದಲಾದರೆ ಇಂಕಿನ ಬಣ್ಣಗಳೇ ಬದಲಾಗುತ್ತವೆ, ಪಟ್ಟಿ ಬುಡಸಮೇತ ತಪ್ಪುತ್ತದೆ. ಕಾಗದ ಬದಲಾದರೆ, ಒಂದೇ ಗುಂಪಿನದ್ದಾಗಿದ್ದರೆ, ತಪ್ಪು ಸಣ್ಣದು.

ಅಂಥದ್ದೇ ಕಾಗದ ಅಂತ ಹೇಗೆ ಗೊತ್ತಾಗುತ್ತದೆ? ಕಪ್ಪು ಇಂಕು ಒಂದೇ ಆಗಿರಬೇಕು, ಎಂಕೆಗೆ ಎಂಕೆ, ಪಿಕೆಗೆ ಪಿಕೆ. ಮೇಲ್ಮೈ ಒಂದೇ ಥರ ಇರಬೇಕು. ಎರಡು ಹಾಳೆಗಳನ್ನು ಕಿಟಕಿಯ ಬೆಳಕಿನಲ್ಲಿ ಪಕ್ಕ ಪಕ್ಕ ಇಟ್ಟರೆ ಬಿಳುಪು ಹತ್ತಿರ ಇರಬೇಕು. ಕಾಗದದ ದಪ್ಪ, ಗ್ರಾಮ್ ತೂಕ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಬಣ್ಣವನ್ನು ತೀರ್ಮಾನಿಸುವುದು ಮೇಲಿನ ಲೇಪನ.

ಇದೂ ಸಾಲದು ಅನ್ನಿಸಿದರೆ ಪ್ರೊಫೈಲ್ ಮಾಡಿಸಿಕೊಳ್ಳಬಹುದು. ಅಳೆಯುವ ಉಪಕರಣ ಸಿಕ್ಕರೆ ಆರ್ಗಿಲ್‌ಸಿಎಂಎಸ್ ಅನ್ನುವ ಮುಕ್ತ ತಂತ್ರಾಂಶದಿಂದ ನೀವೇ ಮಾಡಬಹುದು. ಈ ಪ್ರೊಫೈಲ್‌ಗಳಿಗೆ ಐಸಿಸಿ ಪ್ರೊಫೈಲ್ ಅನ್ನುತ್ತಾರೆ, ಎಲ್ಲ ಕಡೆ ಒಂದೇ ನಮೂನೆಯದ್ದು. 1993ರಲ್ಲಿ ಕೆಲವು ಕಂಪನಿಗಳು ಸೇರಿ ಇಂಟರ್‌ನ್ಯಾಷನಲ್ ಕಲರ್ ಕನ್ಸಾರ್ಟಿಯಂ ಕಟ್ಟಿದ್ದೇ ಇದಕ್ಕಾಗಿ. ನೀವು ಮಾಡಿದ ಫೈಲು ಫೋಟೋಶಾಪ್‌ನಲ್ಲೂ, ಗಿಂಪ್‌ನಲ್ಲೂ, ಕ್ರಿಟಾದಲ್ಲೂ ಕೆಲಸ ಮಾಡುತ್ತದೆ.

ಪರ್ಸೆಪ್ಚುಯಲ್ಲೋ ರಿಲೇಟಿವ್ವೋ

ಪ್ರೊಫೈಲ್ ಆರಿಸಿದ ಮೇಲೆ ರೆಂಡರಿಂಗ್ ಇಂಟೆಂಟ್ ಕೇಳುತ್ತದೆ, ಅಂದರೆ ಕಾಗದಕ್ಕೆ ದಕ್ಕದ ಬಣ್ಣವನ್ನು ಏನು ಮಾಡಬೇಕು ಅಂತ. ಫೋಟೋಗೆ ನಾಲ್ಕರಲ್ಲಿ ಎರಡು ಸಾಕು. ರಿಲೇಟಿವ್ ಕಲರಿಮೆಟ್ರಿಕ್ ಕಾಗದಕ್ಕೆ ದಕ್ಕುವ ಬಣ್ಣವನ್ನು ಹಾಗೆಯೇ ಉಳಿಸಿ, ದಕ್ಕದ ಬಣ್ಣವನ್ನು ಅಂಚಿಗೆ ತಂದು ನಿಲ್ಲಿಸುತ್ತದೆ. ಪರ್ಸೆಪ್ಚುಯಲ್ ಎಲ್ಲ ಬಣ್ಣವನ್ನೂ ಸ್ವಲ್ಪ ಸ್ವಲ್ಪ ಒಳಗೆ ಎಳೆದು, ನಡುವಿನ ಏರಿಳಿತ ಉಳಿಸಲು ನೋಡುತ್ತದೆ.

ಹೊಳಪು ಕಾಗದದಲ್ಲಿ ಹೆಚ್ಚಿನ ಚಿತ್ರಗಳಿಗೆ ರಿಲೇಟಿವ್ ಸರಿಹೋಗುತ್ತದೆ. ಜೊತೆಗೆ ಚಿತ್ರದ ಕಪ್ಪನ್ನು ಕಾಗದದ ಕಪ್ಪಿಗೆ ಹೊಂದಿಸುವ ಬ್ಲ್ಯಾಕ್ ಪಾಯಿಂಟ್ ಕಾಂಪನ್ಸೇಶನ್ ಗುರುತು ಇರಲೇಬೇಕು. ಇಲ್ಲದಿದ್ದರೆ ನೆರಳೆಲ್ಲ ಒಂದೇ ಕಪ್ಪಾಗಿ ಕೂಡಿಕೊಳ್ಳುತ್ತದೆ. ಮ್ಯಾಟ್‌ನಲ್ಲಿ ಕೆಂಪು ಹೂವಿನ ಎಸಳು, ಗಾಢ ನೀಲಿ ಬಟ್ಟೆಯಂಥ ಜಾಗಗಳು ರಿಲೇಟಿವ್‌ನಲ್ಲಿ ಒಂದೇ ಬಣ್ಣದ ತೇಪೆಯ ಹಾಗೆ ಆಗಬಹುದು. ಆಗ ಪರ್ಸೆಪ್ಚುಯಲ್‌ಗೆ ಬದಲಾಯಿಸಿ ನೋಡಿ. ಪರ್ಸೆಪ್ಚುಯಲ್‌ನಲ್ಲಿ ಎಷ್ಟು ಎಳೆಯಬೇಕು ಅನ್ನುವುದು ಪ್ರೊಫೈಲ್ ಮಾಡಿದವರ ಆಯ್ಕೆ. ಒಂದು ಕಂಪನಿಯ ಪ್ರೊಫೈಲ್‌ನಲ್ಲಿ ಚೆಂದ ಕಂಡದ್ದು ಇನ್ನೊಂದರಲ್ಲಿ ಕಾಣದೆ ಹೋಗಬಹುದು. ಪ್ರತಿ ಚಿತ್ರಕ್ಕೂ ಎರಡನ್ನೂ ನೋಡಲು ಐದು ಸೆಕೆಂಡ್ ಸಾಕು.

ಗ್ಯಾಮಟ್ ವಾರ್ನಿಂಗ್ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಅದು ಕಾಗದಕ್ಕೆ ದಕ್ಕುವ ಹರವಿನಿಂದ ಹೊರಗೆ ಹೋದ ಬಣ್ಣವನ್ನೆಲ್ಲ ಬೂದು ಬಳಿದು ತೋರಿಸುತ್ತದೆ, ಕೂದಲೆಳೆಯಷ್ಟು ಹೋಗಿದ್ದರೂ ಮೈಲಿಗಟ್ಟಲೆ ಹೋಗಿದ್ದರೂ ಒಂದೇ ಬೂದು. ಅದನ್ನು ಅಳಿಸಲು ಹೋಗಿ ಚಿತ್ರದ ಬಣ್ಣವನ್ನೇ ಸಾಯಿಸಿದವರನ್ನು ನೋಡಿದ್ದೇನೆ. ಕಣ್ಣಿಗೆ ವಿವರ ಕಾಣುತ್ತಿದ್ದರೆ ಸಾಕು.

ಇನ್ನು ಪ್ರಿಸರ್ವ್ ನಂಬರ್ಸ್ ಅನ್ನುವ ಗುರುತು. ಇಂಕ್‌ಜೆಟ್ ಪ್ರೂಫ್‌ಗೆ ಅದನ್ನು ತೆಗೆದಿಡಿ. ಅದು ತೋರಿಸುವುದು ಚಿತ್ರದ ಬಣ್ಣದ ಸಂಖ್ಯೆಗಳನ್ನು ಪ್ರೊಫೈಲ್‌ಗೆ ಬದಲಾಯಿಸದೆ ಕಳಿಸಿದರೆ ಏನಾಗುತ್ತದೆ ಅನ್ನುವುದನ್ನು.

ಪ್ರೆಸ್ಸಿಗೆ ಕಳಿಸುವುದಾದರೆ

ಆಫ್‌ಸೆಟ್‌ನಲ್ಲಿ ಪ್ರೊಫೈಲ್ ಒಂದು ಯಂತ್ರದ್ದಲ್ಲ, ಒಂದು ಮುದ್ರಣ ಪದ್ಧತಿಯದ್ದು. ಇಲ್ಲಿ ದೊಡ್ಡ ಪ್ರಶ್ನೆ ಕಾಗದ ಲೇಪನವಿರುವ ಕೋಟೆಡ್ಡೋ ಲೇಪನವಿಲ್ಲದ ಅನ್‌ಕೋಟೆಡ್ಡೋ ಅನ್ನುವುದು. ಜರ್ಮನಿಯ ಫೋಗ್ರಾ ಸಂಸ್ಥೆಯ ಅಳತೆಗಳನ್ನು ಬಳಸುವ ಕಡೆ, ಕೋಟೆಡ್ ಕಾಗದಕ್ಕೆ ಫೋಗ್ರಾ 39 ಅಥವಾ ಅದರ ನಂತರದ ಫೋಗ್ರಾ 51, ಅನ್‌ಕೋಟೆಡ್‌ಗೆ ಫೋಗ್ರಾ 47 ಅಥವಾ 52 ಇರುತ್ತದೆ. ಹಳೆಯದಕ್ಕೂ ಹೊಸದಕ್ಕೂ ಮುಖ್ಯ ವ್ಯತ್ಯಾಸ ಮತ್ತೆ ಬ್ರೈಟ್ನರ್‌ದೇ. ಫೋಗ್ರಾ 39ರಲ್ಲಿ ಕಾಗದದ ಬಿಳಿಯ ನೀಲಿ ಅಂಶ (ಮೈನಸ್ ಹೆಚ್ಚಿದಷ್ಟೂ ನೀಲಿ ಜಾಸ್ತಿ) ಮೈನಸ್ 2, ಫೋಗ್ರಾ 51ರಲ್ಲಿ ಮೈನಸ್ 6, ಫೋಗ್ರಾ 52ರಲ್ಲಿ ಮೈನಸ್ 10. ಈಗಿನ ಕಾಗದಗಳು ಎಷ್ಟು ನೀಲಿಯಾಗಿವೆ ಅನ್ನುವುದು ಇದರಿಂದಲೇ ತಿಳಿಯುತ್ತದೆ. ಕಾಗದ ಹೊಸ ನಮೂನೆಯದ್ದಾಗಿದ್ದು ಪ್ರೂಫ್ 39ರದ್ದಾದರೆ, ಪರದೆಯ ಬಿಳುಪು ಹಳದಿಯಾಗಿ ಕಂಡು ಚಿತ್ರವನ್ನು ಸುಮ್ಮನೆ ತಂಪು ಮಾಡಿಬಿಡುತ್ತೀರಿ. ಅಮೆರಿಕದ ಪ್ರೆಸ್‌ಗಳಿಗೆ ಗ್ರಾಕೋಲ್ ಮತ್ತು ಸ್ವಾಪ್, ಜಪಾನಿನವಕ್ಕೆ ಜಪಾನ್ ಕಲರ್ ಅನ್ನುವ ಇಂಥದ್ದೇ ಮಾನದಂಡಗಳಿವೆ.

ಪತ್ರಿಕೆಯ ಕಾಗದ ಬೇರೆಯೇ ಲೋಕ. ಲ್ಯಾಬ್ ಅಳತೆಯಲ್ಲಿ ಅದರ ಬಿಳಿ 82ರ ಹತ್ತಿರ. ಕೋಟೆಡ್ ಕಾಗದದ ಮೇಲೆ ನಾಲ್ಕೂ ಇಂಕು ಸೇರಿ (ಒಂದೊಂದಕ್ಕೆ ನೂರರಂತೆ ಒಟ್ಟು 400ರಲ್ಲಿ) 300ರಿಂದ 330 ಶೇಕಡಾ ತನಕ ಹಾಕಬಹುದಾದರೆ, ಇಲ್ಲಿ 220ರಿಂದ 240 ದಾಟುವಂತಿಲ್ಲ. ಕೋಟೆಡ್ ಪ್ರೊಫೈಲ್‌ನಲ್ಲಿ ತಯಾರಿಸಿದ ಫೈಲನ್ನು ಪತ್ರಿಕೆಗೆ ಕಳಿಸಿದರೆ ಇಂಕು ಹಿಂಬದಿಗೆ ಸೋರುತ್ತದೆ. ಪ್ರೆಸ್ಸಿನವರನ್ನು ಯಾವ ಪ್ರೊಫೈಲ್ ಬೇಕು ಅಂತ ಮೊದಲೇ ಕೇಳಿ. ಸಿಎಂವೈಕೆ (ಆ ನಾಲ್ಕು ಇಂಕಿನ ಫೈಲು) ಕಳಿಸಿ ಅಂತಷ್ಟೇ ಹೇಳಿದರೆ ಇನ್ನೊಮ್ಮೆ ಕೇಳಿ. ಅದು ಪೂರ್ತಿ ಉತ್ತರವಲ್ಲ.

ಹೋಲಿಸುವ ಜಾಗ

ಪ್ರೊಫೈಲ್ ಸರಿ ಇದ್ದೂ ಪ್ರಿಂಟ್ ಕಪ್ಪಾಗಿ ಬಂತು ಅಂದರೆ ಮೊದಲು ಮಾನಿಟರ್ ನೋಡಿ. ಅಂಗಡಿಯಿಂದ ಬಂದ ಹೊಳಪಿನಲ್ಲೇ ಇಟ್ಟಿದ್ದರೆ ಅದು ಬಹುತೇಕ ಜಾಸ್ತಿಯೇ ಇರುತ್ತದೆ. ಕ್ಯಾಲಿಬ್ರೇಟ್ ಮಾಡಿ, ಅಂದರೆ ಉಪಕರಣದಿಂದ ಅಳೆದು ಸರಿಪಡಿಸಿ, ಹೊಳಪನ್ನು ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ ಒಳಗೆ ತನ್ನಿ. ಕ್ಯಾಲಿಬ್ರೇಟ್ ಆಗದ ಮಾನಿಟರ್‌ನಲ್ಲಿ ಸಾಫ್ಟ್ ಪ್ರೂಫ್ ಮಾಡಿ ಫಲವಿಲ್ಲ. ಪ್ರಿಂಟನ್ನು ನೋಡುವ ಬೆಳಕಿಗೂ ಐಎಸ್‌ಒ 3664 ಅನ್ನುವ ಮಾನದಂಡ ಇದೆ. ಹಗಲಿನ ಬೆಳಕಿಗೆ ಹತ್ತಿರವಾದ ಡಿ50 ಬೆಳಕು, ಸೂಕ್ಷ್ಮ ಹೋಲಿಕೆಗೆ 2000 ಲಕ್ಸ್, ಮಾಮೂಲಿ ನೋಟಕ್ಕೆ 500 ಲಕ್ಸ್ ಅಂತ ಅದು ಹೇಳುತ್ತದೆ. ಮನೆಯಲ್ಲಿ ಕೆಲಸ ಮಾಡುವವರಿಗೆ ಅದು ಸಾಧ್ಯವಾಗದೆ ಇರಬಹುದು. ಕನಿಷ್ಠ ಒಂದೇ ಜಾಗ, ಒಂದೇ ದೀಪ ಇಟ್ಟುಕೊಳ್ಳಿ.

ಪ್ರಿಂಟ್ ಕೊಡುವಾಗ ಬಣ್ಣದ ಹೊಣೆಯನ್ನು ಫೋಟೋಶಾಪ್‌ಗೆ ಕೊಟ್ಟು, ಡ್ರೈವರ್‌ನ ಬಣ್ಣ ತಿದ್ದುವಿಕೆಯನ್ನು ಆಫ್ ಮಾಡಿಬಿಡಿ. ಎರಡೂ ಕಡೆ ಚಾಲೂ ಇದ್ದರೆ ಬಣ್ಣ ಎರಡು ಸಲ ಬದಲಾಗುತ್ತದೆ. ಪ್ರೂಫ್‌ಗೂ ಪ್ರಿಂಟ್‌ಗೂ ಸಂಬಂಧವೇ ತಪ್ಪುತ್ತದೆ.

ಮೊದಲು ಪೂರ್ತಿ ಹಾಳೆ ಬೇಡ. ಚಿತ್ರದ ಅತಿ ಕತ್ತಲಿನ ಭಾಗ, ಅತಿ ಗಾಢ ಬಣ್ಣದ ಭಾಗ, ಇಷ್ಟನ್ನು ಒಂದು ಪಟ್ಟಿಯಷ್ಟು ಕತ್ತರಿಸಿ ಪ್ರಿಂಟ್ ತೆಗೆಯಿರಿ. ಹಿಂಬದಿಗೆ ಪೆನ್ಸಿಲ್‌ನಲ್ಲಿ ಕಾಗದ, ಪ್ರೊಫೈಲ್, ಮೀಡಿಯಾ ಟೈಪ್, ಇಂಟೆಂಟ್, ತಾರೀಕು ಬರೆಯಿರಿ. ನನ್ನ ಹತ್ತಿರ ಅಂಥ ಪಟ್ಟಿಗಳ ಒಂದು ಡಬ್ಬವೇ ಇದೆ. ಹೊಸ ಚಿತ್ರಕ್ಕೆ ಕಾಗದ ಆರಿಸುವಾಗ ಪ್ರೂಫ್ ತೆರೆಯುವ ಮೊದಲು ಆ ಡಬ್ಬವನ್ನು ತೆರೆಯುತ್ತೇನೆ.